ಕೆಂಪು ಶಾಯಿಯ ಸೀಟು

ಹೆಡ್‌ಮೇಡಂ ಆಗಿ ನಿವೃತ್ತರಾದ ಮುದುಕಿಯೊಬ್ಬರ ಶೆಡ್ಡಿನಲ್ಲಿ ನಿಂತಿದ್ದ ಹಳೆಯ ಕಾರಿನ ಒಳಗನ್ನು ಒಂದು ಮಧ್ಯಾಹ್ನ ಯಾರೋ ಪೂರ್ತಿ ಬಿಚ್ಚಿಕೊಂಡು ಹೋದರು. ಸೀಟು, ಬಾಗಿಲಿನ ಒಳಹೊದಿಕೆ, ಗಡಿಯಾರ, ಸ್ಟಿಯರಿಂಗು, ಕಿಟಕಿ ತಿರುಗಿಸುವ ಹಿಡಿ, ಮುಂದಿನ ಗೂಡಿನ ಮುಚ್ಚಳ, ಎಲ್ಲ. ಶೆಡ್ಡಿನ ಬೀಗ ಮುರಿದಿರಲಿಲ್ಲ. ಬೀಗದ ಕೈ ಇದ್ದದ್ದು ಆ ಕಾರನ್ನು ಮೂವತ್ತೊಂದು ವರ್ಷ ಓಡಿಸಿದ ಚಾಲಕನ ಬಳಿ. ಪೊಲೀಸರು ಅವನನ್ನು ಹಿಡಿದು ಒಳಗೆ ಹಾಕಿದರು.

ಇಪ್ಪತ್ತೆರಡನೆಯ ದಿನ ಬೆಳಿಗ್ಗೆ ಒಂಬತ್ತೂವರೆಗೆ ಆ ಚಾಲಕನ ತಂಗಿ, ಕುಶನ್ ಕೆಲಸದವಳು, ಹಳೆ ಕಾರು ಕೂಡಿಡುವ ಸಾಹುಕಾರನೊಬ್ಬನ ಗ್ಯಾರೇಜಿನ ಹೊಸ್ತಿಲಲ್ಲಿ ಚಪ್ಪಲಿ ಬಿಡುತ್ತಿದ್ದಳು. ಅವಳ ಹಿಂದೆ ದಾರದ ಚೀಲ ಹೊತ್ತು ತಲೆ ತಗ್ಗಿಸಿ ನಿಂತಿದ್ದವರು ಸರ್ವೇಯರಮ್ಮ. ವಿಮಾ ಕಂಪನಿಯಲ್ಲಿ ಮೂವತ್ತು ವರ್ಷ ಜಜ್ಜಿಹೋದ ವಾಹನಗಳ ಮುಂದೆ ಕುಕ್ಕರುಗಾಲಲ್ಲಿ ಕೂತು, ಯಾವ ಗುದ್ದು ರಸ್ತೆಯದ್ದು, ಯಾವುದು ಸುತ್ತಿಗೆಯದ್ದು ಎಂದು ಬರೆದುಕೊಟ್ಟವರು. ಚಾಲಕನನ್ನು ಬಿಡಿಸಲೆಂದು ಇವತ್ತು ಸಹಾಯಕಿಯ ವೇಷ. ವೇಷಕ್ಕೇನೂ ಖರ್ಚಾಗಿರಲಿಲ್ಲ. ಕೈಯಲ್ಲೊಂದು ಹಳೆ ಚೀಲ ಹಿಡಿದರೆ ಸಾಕು, ಇಂಥ ಮನೆಗಳಲ್ಲಿ ಯಾರೂ ಮುಖ ನೋಡುವುದಿಲ್ಲವೆಂದು ಅವರಿಗೆ ಗೊತ್ತಿತ್ತು.

ಕದ್ದ ಮಾಲು ಇಲ್ಲಿಗೆ ಬಂದಿದೆಯೆಂದು ಗುಜರಿ ಅಂಗಡಿಯವನೊಬ್ಬ ಬಾಯಿಬಿಟ್ಟದ್ದು ನಿನ್ನೆ ಸಂಜೆ. ಒಳಗೆ ಕಾಲಿಡುವುದು ಹೇಗೆಂದು ಇಬ್ಬರೂ ತಲೆ ಕೆಡಿಸಿಕೊಂಡಿರುವಾಗಲೇ, ಬೆಳಿಗ್ಗೆ ಏಳಕ್ಕೆ ಸಾಹುಕಾರನೇ ಕುಶನ್ ಕೆಲಸದವಳಿಗೆ ಫೋನು ಮಾಡಿದ್ದ. ಹಿಂದಿನ ಸೀಟಿನ ಅಂಚಿನ ಹೊಲಿಗೆ ಬಿಟ್ಟಿದೆಯಂತೆ. ಹನ್ನೊಂದಕ್ಕೆ ಹಳೆ ಕಾರುಗಳ ಸಂಘದ ಸ್ಪರ್ಧೆಯ ತೀರ್ಪುಗಾರರು ಬರುತ್ತಾರಂತೆ. ಅಷ್ಟರೊಳಗೆ ಹೊಲಿಗೆ ಬಿಟ್ಟಿತ್ತೆಂಬ ಗುರುತೂ ಉಳಿಯಬಾರದಂತೆ.

ತಾನಾಗಿ ತೆರೆದುಕೊಳ್ಳುವ ಬಾಗಿಲೆಂದರೆ ಸರ್ವೇಯರಮ್ಮನಿಗೆ ಮೊದಲಿನಿಂದಲೂ ಅನುಮಾನ. ಆದರೂ ಬಂದರು. ನಾಳೆ ಚಾಲಕನನ್ನು ದೊಡ್ಡ ಜೈಲಿಗೆ ಸಾಗಿಸುತ್ತಾರೆ. ಅಲ್ಲಿಗೆ ಹೋದ ಮೇಲೆ ಬಡವನ ಕೇಸಿನ ಮೇಲೆ ಎಷ್ಟು ಧೂಳು ಕೂರುತ್ತದೆಂದು ಹೇಳಬೇಕಾಗಿಲ್ಲ.

ಗ್ಯಾರೇಜಿನ ನೆಲ ಎಷ್ಟು ಚೊಕ್ಕಟವಾಗಿತ್ತೆಂದರೆ ಅದರ ಮೇಲೆ ಹಸುಗೂಸನ್ನು ಮಲಗಿಸಬಹುದಿತ್ತು. ಒಂಬತ್ತು ಕಾರುಗಳು ಬಿಳಿ ಹೊದಿಕೆ ಹೊದ್ದು ಸಾಲಾಗಿ ನಿಂತಿದ್ದವು. ಗೇಟಿನಲ್ಲಿ ದಿನವಿಡೀ ನಿಲ್ಲುವ ಕಾವಲಿನವನಿಗೆ ಒಂದು ಸ್ಟೂಲು ಇರಲಿಲ್ಲ. ಒಳಗೆ ಈ ತಗಡುಗಳಿಗೆ ಬೆವರಬಾರದೆಂದು ತಂಪು ಗಾಳಿಯ ಯಂತ್ರ ಗುಂಯ್‌ಗುಡುತ್ತಿತ್ತು. ಹತ್ತನೆಯದು ಮಾತ್ರ ಹೊದಿಕೆ ತೆಗೆಸಿಕೊಂಡು ಮದುವಣಗಿತ್ತಿಯ ಹಾಗೆ ನಡುವೆ ನಿಂತಿತ್ತು. ಹಸಿರು ಮೈ, ನಾಲ್ಕೂ ಬಾಗಿಲು ಹಾರುಹೊಡೆದು, ಒಳಗೆಲ್ಲ ಕಂದು ಚರ್ಮ.

ಸಾಹುಕಾರ ಬಿಳಿ ಹತ್ತಿಯ ಕೈಗವಸು ತೊಟ್ಟು ಅದರ ಸುತ್ತ ಸುತ್ತುತ್ತಿದ್ದ. ಬಂದವರಿಗೆ ಕೂರಿ ಅನ್ನಲಿಲ್ಲ, ನೀರು ಬೇಕೇ ಅನ್ನಲಿಲ್ಲ. ನೇರ ಕಟ್ಟುನಿಟ್ಟುಗಳಿಗೆ ಇಳಿದ. ಬಳೆ ತೆಗೆಯಬೇಕು. ಕಾರಿನೊಳಗೆ ಮಂಡಿಯೂರುವುದಾದರೆ ಕೆಳಗೆ ಆ ಮೆತ್ತನೆ ಬಟ್ಟೆ ಹಾಕಿಕೊಳ್ಳಬೇಕು.

"ಇನ್ನೊಂದು ಮಾತು. ಸೀಟಿನ ಮೇಲೆ ಕೂರೋ ಹಾಗಿಲ್ಲ. ಯಾರೂ ಕೂರೋ ಹಾಗಿಲ್ಲ. ನಾನೇ ಕೂತಿಲ್ಲ."

ಕೂರುವುದಕ್ಕೆಂದೇ ಹುಟ್ಟಿದ ವಸ್ತುವನ್ನು ಕೂರದೆ ಪೂಜಿಸುವವನನ್ನು ಸರ್ವೇಯರಮ್ಮ ಕಣ್ಣಂಚಿನಲ್ಲಿ ಅಳೆದರು. ಈ ಮನುಷ್ಯ ಬಂಪರಿನಿಂದ ಬಂಪರಿನವರೆಗೆ ಹೊಳಪು, ಒಳಗೆ ಎಂಜಿನ್ನೇ ಇಲ್ಲ.

ಅವನಿಗೆ ಕೇಳುವವರು ಬೇಕಾಗಿತ್ತು. ತೀರ್ಪುಗಾರರ ಮುಂದೆ ಹೇಳಬೇಕಾದ ಭಾಷಣವನ್ನು ಕೆಲಸದವರ ಮುಂದೆ ಒಪ್ಪಿಸಿದರೆ ನಾಲಿಗೆ ಹದಕ್ಕೆ ಬರುತ್ತದೆ. ಹೊರಮೈಯಲ್ಲೇನಿದೆ, ತಗಡು ಬಡಿಯುವವರು ಗಲ್ಲಿಗಿಬ್ಬರು ಸಿಗುತ್ತಾರೆ ಎಂದು ಶುರುಮಾಡಿದ. ಎಂಜಿನ್ನನ್ನು ಲೇತಿನವನು ಎಬ್ಬಿಸುತ್ತಾನೆ. ಒಳಗಿನ ಸಾಮಾನು ಮಾತ್ರ ಸಿಗುವುದಿಲ್ಲ. ಈ ಮಾದರಿಯ ಗಡಿಯಾರ, ಈ ಹಿಡಿಗಳು, ಈ ಸೀಟು ಭೂಮಿಯ ಮೇಲೆ ಇನ್ನೆಷ್ಟು ಉಳಿದಿವೆಯೋ. ನಾಲ್ಕು ವರ್ಷ ಅಲೆದನಂತೆ. ಗಡಿಯಾರ ಹಡಗು ಒಡೆಯುವ ಕಡೆ ಸಿಕ್ಕಿತಂತೆ, ಹಿಡಿಗಳು ಮುಚ್ಚಿಹೋದ ಹೋಟೆಲೊಂದರ ಹಿತ್ತಲಲ್ಲಿ, ಸೀಟು ಒಬ್ಬ ಜಮೀನ್ದಾರರ ವಂಶಸ್ಥರಿಂದ. ಪ್ರತಿಯೊಂದಕ್ಕೂ ಬಿಲ್ಲಿದೆ ಎಂದು ದಪ್ಪ ಫೈಲನ್ನು ತಟ್ಟಿದ.

ಮುಂದಿನ ಗೂಡಿನ ಮುಚ್ಚಳವನ್ನು ಎರಡು ಬೆರಳಲ್ಲಿ ಇಳಿಸಿ ಒಳಮೈ ತೋರಿಸಿದ. ನಾಲ್ಕೂ ಮೂಲೆಗಳಲ್ಲಿ ಸೂಜಿಮೊನೆಯಷ್ಟು ತೂತುಗಳು, ಒಂದೊಂದು ಮೂಲೆಗೂ ಒಂದೊಂದು ಹಿಂಡು. ದೂರದ ರೇಸುಗಳಿಗೆ ಹೋದಾಗ ನಕ್ಷೆ ಚುಚ್ಚಿಡುತ್ತಿದ್ದ ಗುರುತು ಅಂದ. ಮರುಭೂಮಿ ದಾಟಿದ್ದಿರಬೇಕು ಎಂದೂ ಸೇರಿಸಿದ.

ಸರ್ವೇಯರಮ್ಮ ಆ ತೂತುಗಳನ್ನು ನೋಡಿದರು. ಹೆಡ್‌ಮೇಡಂ ಹೋದ ವಾರವಷ್ಟೇ ಹೇಳಿದ್ದರು. ಶಾಲೆ ತೆರೆದ ದಿನವೇ ಚಾಲಕ ಹೊಸ ವೇಳಾಪಟ್ಟಿಯನ್ನು ಆ ಮುಚ್ಚಳದೊಳಗೆ ಗುಂಡುಪಿನ್ನು ಚುಚ್ಚಿ ಅಂಟಿಸುತ್ತಿದ್ದ. ವರ್ಷಕ್ಕೊಂದು. ಮರುಭೂಮಿಯಂತೆ. ಆ ಕಾರು ದಾಟಿದ ಅತಿ ದೊಡ್ಡ ಮೈದಾನವೆಂದರೆ ಶಾಲೆಯ ಆಟದ ಬಯಲು.

ಹಿಂದಿನ ಸೀಟಿನ ಎಡಮೂಲೆಯಲ್ಲಿ ಅಂಗೈಯಗಲದ ಕೆಂಗಂದು ಕಲೆಯಿತ್ತು. ಅದರ ಮುಂದೆ ಸಾಹುಕಾರನ ದನಿ ಗುಡಿಯೊಳಗೆ ಹೊಕ್ಕವನ ಹಾಗೆ ತಗ್ಗಿತು.

"ವೈನು. ಎಪ್ಪತ್ತು ವರ್ಷದ ಹಿಂದಿಂದು. ಯಾವುದೋ ದೊರೆಸಾನಿ ಕೈಯಿಂದ ಚೆಲ್ಲಿರಬೇಕು. ಇದನ್ನ ಒರೆಸೋ ಗಿರೆಸೋ ಹುಚ್ಚಾಟ ಬೇಡಮ್ಮ. ಇಂಥ ಕಲೆಗೇ ಅಂಕ ಜಾಸ್ತಿ."

ಕುಶನ್ ಕೆಲಸದವಳು ತಲೆಯಾಡಿಸಿದಳು. ತುಟಿ ಬಿಗಿಯಾಗಿತ್ತು. ಆ ಮೂಲೆಯಲ್ಲಿ ಕೂತು ಹೆಡ್‌ಮೇಡಂ ಮೂವತ್ತು ಪರೀಕ್ಷೆಗಳ ಉತ್ತರಪತ್ರಿಕೆ ತಿದ್ದಿದ್ದರು. ಹೊಂಡವೊಂದಕ್ಕೆ ಗಾಡಿ ಎತ್ತಿಹಾಕಿದಾಗ ಕೆಂಪು ಶಾಯಿಯ ಬಾಟಲಿ ಉರುಳಿತ್ತು. ಅಣ್ಣ ಆ ಸಂಜೆ ಮನೆಗೆ ಬಂದು ಊಟ ಬಿಟ್ಟಿದ್ದ.

ಅಷ್ಟರಲ್ಲಿ ಸಾಹುಕಾರನ ಫೋನು ಬಡಿದುಕೊಂಡಿತು. ಅವನು ದೂರದ ಮೂಲೆಗೆ ಹೋಗಿ ಬೆನ್ನು ತಿರುಗಿಸಿ ನಿಂತ.

ಇಬ್ಬರೂ ಹಿಂದಿನ ಬಾಗಿಲಿನಿಂದ ತಲೆ ತೂರಿಸಿದರು. ಕುಶನ್ ಕೆಲಸದವಳು ಚರ್ಮದ ಮೇಲೆ ಅಂಗೈಯಿಟ್ಟಳು. ಜ್ವರ ಬಂದ ಮಗುವಿನ ಹಣೆ ಮುಟ್ಟುವ ಹಾಗಿತ್ತು ಅದು.

"ಅಪ್ಪನ ಕೈ ಅಕ್ಕಾ," ಎಂದು ಪಿಸುಗುಟ್ಟಿದಳು.

ಅವಳಪ್ಪ ಈ ಸೀಟನ್ನು ಬುಡದಿಂದ ಹೊಸದಾಗಿ ಮಾಡಿದ್ದು ಇಪ್ಪತ್ತಾರು ವರ್ಷದ ಹಿಂದೆ, ಸೋರುವ ತಗಡಿನ ಸೂರಿನಡಿ ಕೂತು. ಇದನ್ನೇ ಸಾಹುಕಾರ, ಕಾರು ಹುಟ್ಟಿದ ಕಾರ್ಖಾನೆಯಲ್ಲೇ ಹೊಲಿದ ಮೂಲ ಸೀಟು ಎಂದು ಫೈಲಿನಲ್ಲಿ ಬರೆದುಕೊಂಡಿದ್ದ. ಬದುಕಿದ್ದಾಗ ಕೂಲಿಗೆ ಕಾಡಿಸಿದ ಕೈಯನ್ನು, ಸತ್ತ ಮೇಲೆ ಬೇರೆಯವರ ಕೈಯೆಂದು ಹೊಗಳುತ್ತಾರೆ. ಇವರ ರಸಿಕತೆಯೇ ಹೀಗೆ.

ಅಪ್ಪನ ಅಂಗಡಿಯಲ್ಲೊಂದು ಪದ್ಧತಿಯಿತ್ತು. ಸೀಟಿನ ಹೊರಗೆ ಹೊಲಿದವನ ಹೆಸರು ಹಾಕಲು ಯಾವ ಮಾಲೀಕನೂ ಬಿಡುತ್ತಿರಲಿಲ್ಲ. ಅದಕ್ಕೇ ಆತ ಸೀಟು ಮುಚ್ಚುವ ಮುನ್ನ, ಆ ಕೆಲಸ ಮಾಡುವಾಗ ತೊಟ್ಟಿದ್ದ ಅಂಗಿಯ ಜೇಬನ್ನು ಕತ್ತರಿಸಿ, ಅದರೊಳಗೆ ಗಾಡಿಯ ನಂಬರು, ಮಾಲೀಕರ ಹೆಸರು, ತಾರೀಖು, ತನ್ನ ಹೆಸರು ಬರೆದ ಚೀಟಿಯಿಟ್ಟು, ಸ್ಪ್ರಿಂಗಿನ ಮೇಲಿನ ಗೋಣಿಬಟ್ಟೆಗೆ ಹೊಲಿದುಬಿಡುತ್ತಿದ್ದ. ಅವನ ಅಂಗಿಗಳಿಗೆಲ್ಲ ಎದೆಯ ಮೇಲೆ ಚೌಕ ಮಚ್ಚೆ. ಹೆಂಡತಿ ಬೈದು ಬೈದು ಸುಸ್ತಾಗಿದ್ದಳು.

ಆ ಜೇಬು ಇಲ್ಲಿರಬೇಕು. ಚೀಟಿಯಲ್ಲಿ ಹೆಡ್‌ಮೇಡಂ ಅವರ ಹೆಸರಿರಬೇಕು. ಬಿಟ್ಟ ಹೊಲಿಗೆಯಲ್ಲಿ ಬೆರಳು ತೂರಿಸಿ ಅದನ್ನು ಎಳೆದುಕೊಂಡು, ಸೀಟಿನ ಸಮೇತ ಫೋನಿನಲ್ಲೊಂದು ಫೋಟೋ ತೆಗೆದು, ಹೊಲಿಗೆ ಹಾಕಿ, ತೆಪ್ಪಗೆ ಹೊರಗೆ ಬರುವುದೆಂದು ಲೆಕ್ಕ. ಸಂಜೆಯೊಳಗೆ ಅದು ವಕೀಲರ ಮೇಜಿನ ಮೇಲಿದ್ದರೆ ಅಣ್ಣ ನಾಳೆ ಜೈಲಿನ ವ್ಯಾನು ಹತ್ತಬೇಕಾಗಿಲ್ಲ.

ಕುಶನ್ ಕೆಲಸದವಳು ಅಂಚಿಗೆ ಬಗ್ಗಿದಳು. ಬಗ್ಗಿದವಳು ಹಾಗೇ ನಿಂತಳು.

"ಇದು ಬಿಟ್ಟಿದ್ದಲ್ಲ."

ಸರ್ವೇಯರಮ್ಮ ಕನ್ನಡಕ ಮೂಗಿಗೆ ಏರಿಸಿದರು. ಹಳೆಯ ದಾರ ತಾನಾಗಿ ಹರಿದರೆ ತುದಿ ನಾರುನಾರಾಗುತ್ತದೆ. ಇಲ್ಲಿ ಎಂಟು ಟಾಕುಗಳೂ ಒಂದೇ ಸಮ, ಗೆರೆ ಎಳೆದ ಹಾಗೆ ತುಂಡಾಗಿದ್ದವು. ಬ್ಲೇಡು. ಎರಡು ಬೆರಳಗಲ ಕುಯ್ದು, ಧೈರ್ಯ ಸಾಲದೆ ಬಿಟ್ಟ ಕೈ.

ಆದರೆ ಅವಳ ನೋಟ ಅಲ್ಲಿರಲಿಲ್ಲ. ಸೀಟಿನ ಹಿಂಬದಿಯಲ್ಲಿ, ಕಣ್ಣಿಗೆ ಬೀಳದ ಮಡಿಕೆಯಲ್ಲಿ, ಗೇಣುದ್ದದ ಇನ್ನೊಂದು ಹೊಲಿಗೆಯಿತ್ತು. ಅಪ್ಪ ಮೇಣ ಸವರಿದ ಹತ್ತಿ ದಾರ ಬಳಸುತ್ತಿದ್ದ. ಇದು ಹೊಸ ನೈಲಾನು. ಕೊನೆಯ ಗಂಟು ಮಾತ್ರ ಅಪ್ಪನದೇ ಗಂಟು, ಎರಡು ಸುತ್ತು ಹಾಕಿ ಒಳಗೆ ಎಳೆದು ಅಡಗಿಸಿದ್ದು. ಆ ಗಂಟು ಕಲಿತವರು ಇಬ್ಬರೇ. ಅವಳು ಈ ಸೀಟನ್ನು ಇಪ್ಪತ್ತಾರು ವರ್ಷದಿಂದ ಮುಟ್ಟಿಲ್ಲ.

ಅವಳು ಉಗುರಿನಿಂದ ಟಾಕುಗಳನ್ನು ಎಣಿಸಿದಳು. ಮೂರು ನೇರ, ಒಂದು ಓರೆ. ಮೂರು ನೇರ, ಒಂದು ಓರೆ. ಚಿಕ್ಕಂದಿನಲ್ಲಿ ಅಣ್ಣನ ಬಲಗೈ ಹೆಬ್ಬೆರಳು ಬಾಗಿಲ ಸಂದಿಗೆ ಸಿಕ್ಕಿ ಮೊಂಡಾಗಿತ್ತು. ನಾಲ್ಕನೆಯ ಟಾಕಿಗೆ ಸೂಜಿ ಜಾರುತ್ತಿತ್ತು. ಅಪ್ಪ ಅದಕ್ಕೇ ಅವನನ್ನು ಬೈದು ಅಂಗಡಿಯಿಂದೆಬ್ಬಿಸಿ ಸ್ಟಿಯರಿಂಗ್ ಹಿಂದೆ ಕೂರಿಸಿದ್ದು.

ಬೀಗ ಮುರಿದಿರಲಿಲ್ಲ. ಬೀಗದ ಕೈ ಅಣ್ಣನದು. ಈಗ ಹೊಲಿಗೆಯೂ ಅಣ್ಣನದು. ಇಪ್ಪತ್ತೆರಡು ದಿನದಿಂದ ಪೊಲೀಸರಿಗೂ ವಕೀಲರಿಗೂ ಒಂದು ಮಾತೂ ಆಡದೆ ಗೋಡೆ ನೋಡುತ್ತ ಕೂತಿದ್ದಾನೆ. ಇಷ್ಟು ದಿನ ಅದನ್ನು ಅವಮಾನ ಎಂದುಕೊಂಡಿದ್ದಳು.

"ಸಿಕ್ತೇನಮ್ಮ, ನಿಮ್ಮಣ್ಣನ ಹೊಲಿಗೆ?"

ಸಾಹುಕಾರ ಹಿಂದೆಯೇ ನಿಂತಿದ್ದ. ಫೋನು ಜೇಬು ಸೇರಿತ್ತು. ಗ್ಯಾರೇಜಿನ ಬಾಗಿಲು ಮುಚ್ಚಿತ್ತು. ಅವನು ಸಾವಕಾಶವಾಗಿ ಕೈಗವಸು ಕಳಚುತ್ತಿದ್ದ, ಒಂದೊಂದೇ ಬೆರಳು.

"ನೀವೂ ಆ ಚೀಲ ಕೆಳಗಿಡಿ ಸರ್ವೇಯರಮ್ಮ. ಈ ವಯಸ್ಸಿನಲ್ಲಿ ಭಾರ ಹೊರಬಾರದು."

ಸರ್ವೇಯರಮ್ಮ ಚೀಲ ಕೆಳಗಿಟ್ಟರು. ಬೆನ್ನು ನೆಟ್ಟಗಾಯಿತು. ಸಹಾಯಕಿ ಅಲ್ಲಿಗೆ ಮುಗಿದಳು.

"ಗುಜರಿಯವನು ನಮಗೂ ಹೇಳಿದ, ನಿಮಗೂ ಹೇಳಿದ," ಅಂದರು. "ಎರಡೂ ಕಡೆ ಬಾಯಿರೋ ಪ್ರಾಣಿ."

ಅವನು ಅದನ್ನೂ ಒಪ್ಪಿಕೊಂಡ, ಮಾಲು ಕದ್ದದ್ದೆಂಬುದನ್ನೂ ಶೆಡ್ಡಿನ ಬೀಗಕ್ಕೆ ನಕಲಿ ಕೈ ಮಾಡಿಸಿದ್ದನ್ನೂ ಒಪ್ಪಿಕೊಂಡ. ಒಪ್ಪಿಕೊಳ್ಳುವುದರಲ್ಲಿ ಅವನಿಗೆ ಕಷ್ಟವೇನೂ ಇರಲಿಲ್ಲ. ಇಬ್ಬರು ಹೆಂಗಸರು, ಒಂದು ಚೀಲ ದಾರ, ಮುಚ್ಚಿದ ಬಾಗಿಲು. ಈ ಮಾತು ಹೊರಗೆ ಹೋದರೂ ಹೋಗುವುದು ಎಲ್ಲಿಗೆ? ಕೇಸು ನೋಡುವ ಇನ್ಸ್‌ಪೆಕ್ಟರೇ ಸಂಘದ ಕಾರ್ಯದರ್ಶಿ, ಸಾಲಿನ ಆ ಕೊನೆಯ ಕಾರು ಅವರದ್ದೇ, ಇಲ್ಲೇ ಬಿಟ್ಟಿದ್ದಾರೆ ಎಂದು ಬೆರಳು ಮಾಡಿ ತೋರಿಸಿದ.

ಸರ್ವೇಯರಮ್ಮ ಆ ಕಡೆ ನೋಡಲಿಲ್ಲ. ಸೀಟಿನ ಎಡಮೂಲೆಗೆ ಬಗ್ಗಿದರು.

"ನಿಮ್ಮ ದೊರೆಸಾನಿ ವೈನು ಕೆಂಪು ಶಾಯಿ ಕಣ್ರೀ. ಏಳನೇ ಕ್ಲಾಸಿನ ಗಣಿತ. ನಿಮ್ಮ ಮರುಭೂಮಿ ಶಾಲೆಯ ಟೈಂಟೇಬಲ್ಲು. ಈ ಸೀಟಿನ ಕಾರ್ಖಾನೆ ಇವಳಪ್ಪ. ನಾಲ್ಕು ವರ್ಷ ಅಲೆದ್ರಂತೆ, ಒಂದು ಮಗುವನ್ನ ಕೇಳಿದ್ರೂ ಹೇಳೋದು ಇದು ಶಾಯಿ ಅಂತ."

ಆ ಮಾತು ನಾಟಿತು. ಕಳ್ಳ ಅನ್ನಿಸಿಕೊಂಡಾಗ ಅಲುಗದ ಮುಖ, ದಡ್ಡ ಅನ್ನಿಸಿಕೊಂಡಾಗ ಕಿವಿಯ ತನಕ ಕೆಂಪಾಯಿತು. ಒಂದು ಗಳಿಗೆ ಅವನ ಕಣ್ಣು ಆ ಕಲೆಯ ಮೇಲೇ ನಿಂತಿತು. ಪ್ರೇಯಸಿಯ ಹಳೆ ಪತ್ರ ಬೇರೊಬ್ಬನಿಗೆ ಬರೆದದ್ದೆಂದು ಗೊತ್ತಾದವನ ಕಣ್ಣು.

ಆಮೇಲೆ ಸಾವರಿಸಿಕೊಂಡ. ತೀರ್ಪುಗಾರರು ತಾನು ಹೇಳಿದ್ದನ್ನು ನಂಬುತ್ತಾರೆ, ಅವರ ಕಾರುಗಳ ಬಗ್ಗೆ ಅವರು ಹೇಳಿದ್ದನ್ನು ತಾನು ನಂಬುತ್ತೇನೆ, ಸಂಘ ನಡೆಯುವುದೇ ಹಾಗೆ ಅಂದ. ನಂತರ ಕುಶನ್ ಕೆಲಸದವಳ ಕಡೆ ತಿರುಗಿದ. ದನಿ ಮೆತ್ತಗಾಯಿತು.

"ನೋಡಮ್ಮ, ಜಗಳ ಬೇಡ. ನಿಮ್ಮಣ್ಣ ನಂದೊಂದು ವಸ್ತು ಇದರೊಳಗೆ ಹೊಲಿದಿಟ್ಟಿದ್ದಾನೆ. ಹಿಂದಿನ ಹೊಲಿಗೆ ಬಿಚ್ಚು, ಅದನ್ನ ನನ್ನ ಕೈಗೆ ಕೊಡು, ಮೊದಲಿದ್ದ ಹಾಗೇ ಮುಚ್ಚು. ನಿಮ್ಮಪ್ಪನ ದಾರ ಇದ್ರೆ ಅದೇ ಹಾಕು. ಅರ್ಧ ಗಂಟೆ ಕೆಲಸ. ಮಧ್ಯಾಹ್ನ ಊಟಕ್ಕೆ ನಿಮ್ಮಣ್ಣ ಮನೇಲಿರ್ತಾನೆ."

ಯಾವ ವಸ್ತುವೆಂದು ಅವಳು ಕೇಳಿದಳು. ಅದು ನಿನಗೆ ಬೇಡದ ಮಾತು ಅಂದ. ನಿಮ್ಮದು ಅಣ್ಣನ ಕೈಗೆ ಹೇಗೆ ಬಂತೆಂದು ಕೇಳಿದಳು. ಅವನು ಗಡಿಯಾರ ನೋಡಿದ. ಹತ್ತೂ ಕಾಲು.

ಸರ್ವೇಯರಮ್ಮನ ತಲೆಯೊಳಗೆ ಇಪ್ಪತ್ತೆರಡು ದಿನದಿಂದ ಒಂದಕ್ಕೊಂದು ಕೂಡದಿದ್ದ ತುಣುಕುಗಳು ಸರಕ್ಕನೆ ಕೂಡಿಕೊಂಡವು. ಅವರು ನಕ್ಕುಬಿಟ್ಟರು. ಸಂತೋಷದ ನಗುವಲ್ಲ.

"ಒಂದು ಸೀಟಿಗೋಸ್ಕರ ಇಡೀ ಕಾರಿನ ಒಳಗನ್ನ ಬಿಚ್ಚಿಸಿದ್ರಿ. ಸೀಟೊಂದನ್ನೇ ಕದ್ದಿದ್ರೆ ಯಾಕೆ ಅಂತ ಜನ ಕೇಳ್ತಿದ್ರು. ಎಲ್ಲ ಕದ್ರೆ ಗುಜರಿ ಕಳ್ಳತನ ಅನ್ಕೋತಾರೆ. ಅಲ್ಲಿಗೆ ಜಾಣರು. ತಂದ ದಿನವೇ ಒಂದು ಚಾಕು ಹಾಕಿದ್ರೆ ನಿಮ್ಮ ವಸ್ತು ಕೈಯಲ್ಲಿರ್ತಿತ್ತು, ಸೀಟು ಒಲೇಲಿರ್ತಿತ್ತು, ನಾವಿಬ್ರೂ ಇಲ್ಲಿ ಇರ್ತಿರ್ಲಿಲ್ಲ. ಕುಯ್ಯೋಕೂ ಹೋದ್ರಿ, ಎಂಟು ಟಾಕು. ಯಾಕೆ ನಿಲ್ಲಿಸಿದ್ರಿ?"

ಅವನ ಕೈ ಹೋಗಿ ಆ ಕುಯ್ದ ಅಂಚನ್ನು ಮುಚ್ಚಿತು.

"ಸ್ಪರ್ಧೆಯ ಕಪ್ಪು ಬೇಕು," ಅಂದರು ಸರ್ವೇಯರಮ್ಮ. "ಬೆಳ್ಳಿ ನೀರು ಕುಡಿಸಿದ ಹಿತ್ತಾಳೆ ಕಪ್ಪು. ಹೊಲಿಗೆ ಬಿಚ್ಚಿದ ಸೀಟಿಗೆ ಅಂಕ ಹೋಗುತ್ತೆ. ಒಬ್ಬ ಮನುಷ್ಯನನ್ನ ಜೈಲಿಗೆ ಹಾಕೋಕೆ ಕೈ ನಡುಗಲಿಲ್ಲ, ಸೀಟು ಕುಯ್ಯೋಕೆ ನಡುಗಿತು."

ಸತ್ಯ ಅದಷ್ಟೇ ಆಗಿತ್ತು. ಅವನು ಕದ್ದ ಮಾಲಿಗೆ ಮರುಳಾಗಿದ್ದ. ಗುಟ್ಟೂ ಬೇಕು, ಕಪ್ಪೂ ಬೇಕು. ಎರಡಕ್ಕೂ ಸೂಜಿ ಹಿಡಿಯಬಲ್ಲ ಕೈ ಬೇಕು, ಆ ಕೈ ಅವನಿಗಿಲ್ಲ. ಒಂಬತ್ತು ಕಾರು ಕಟ್ಟಿಸಿದವನಿಗೆ ಒಂದು ಗುಂಡಿ ಹೊಲಿದುಕೊಳ್ಳಲು ಬರುವುದಿಲ್ಲ. ಅದಕ್ಕೇ, ಯಾರ ಅಣ್ಣನನ್ನು ಒಳಗೆ ಹಾಕಿಸಿದ್ದನೋ ಅವಳನ್ನೇ ಕರೆಸಿದ್ದ, ಕೆಲಸದವಳು ಎಷ್ಟಾದರೂ ಹೇಳಿದ ಕೆಲಸ ಮಾಡುತ್ತಾಳೆಂಬ ಭರವಸೆಯಲ್ಲಿ.

ಕುಶನ್ ಕೆಲಸದವಳು ಚೀಲಕ್ಕೆ ಕೈ ಹಾಕಿ ಬಾಗಿದ ಸೂಜಿಯನ್ನೂ ಚಿಕ್ಕ ಕತ್ತರಿಯನ್ನೂ ತೆಗೆದಳು. ಸಾಹುಕಾರನ ಭುಜ ಸಡಿಲವಾಯಿತು. ಸರ್ವೇಯರಮ್ಮ ತಡೆಯಲು ಬಾಯಿ ತೆರೆದರು, ಮುಚ್ಚಿಕೊಂಡರು. ಒಳಗಿರುವುದು ಅವಳ ಅಣ್ಣ. ಮಧ್ಯಾಹ್ನ ಊಟಕ್ಕೆ ಮನೆಯಲ್ಲಿರುತ್ತಾನೆಂಬ ಮಾತಿನ ಎದುರು ಹೊರಗಿನವರು ಯಾವ ನ್ಯಾಯ ಹೇಳಬಲ್ಲರು?

ಅವಳು ಕತ್ತರಿಯ ಮೊನೆಯನ್ನು ಅಣ್ಣನ ಗಂಟಿನ ಕೆಳಗಿಟ್ಟಳು. ಮೂರು ನೇರ, ಒಂದು ಓರೆ. ನೋಡುತ್ತ ಕೂತಳು.

ಅಪ್ಪ ಬೈದು ಎಬ್ಬಿಸಿದ ಮೇಲೆ ಅಣ್ಣ ಸೂಜಿ ಹಿಡಿದವನಲ್ಲ. ನಾಚಿಕೆಯಾಗುತ್ತಿತ್ತು ಅವನಿಗೆ. ಆ ನಾಚಿಕೆಯನ್ನು ಬದಿಗಿಟ್ಟು, ಮೊಂಡು ಬೆರಳಲ್ಲಿ, ಗೇಣುದ್ದ ಹೊಲಿದಿದ್ದಾನೆ. ಹೊಲಿದು ಬಾಯಿ ಮುಚ್ಚಿಕೊಂಡಿದ್ದಾನೆ. ಲಾಠಿಗೂ ಬಾಯಿ ಬಿಟ್ಟಿಲ್ಲ. ಕದಿಯಲೆಂದು ಹೊಲಿದವನು ಇಷ್ಟು ಹೊತ್ತಿಗೆ ಬಾಯಿಬಿಟ್ಟು ಮನೆ ಸೇರಿರುತ್ತಿದ್ದ. ಒಳಗಿರುವುದು ಏನೇ ಇರಲಿ, ಈ ಮನುಷ್ಯನ ಕೈಗೆ ಸೇರಬಾರದೆಂದೇ ಅಲ್ಲಿ ಸೇರಿದೆ.

ಹೊರಗೆ ಗೇಟು ಕಿರುಗುಟ್ಟಿತು. ಒಂದರ ಹಿಂದೊಂದು ಕಾರುಗಳು ಒಳಬಂದವು. ಹನ್ನೊಂದಕ್ಕೆ ಬರುವವರು ಅರ್ಧ ಗಂಟೆ ಮುಂಚೆಯೇ ಬಂದಿದ್ದರು. ತಿಂಡಿಯ ಏರ್ಪಾಟು ಇರುವ ಕಡೆ ಇಂಥವರು ತಡಮಾಡುವುದಿಲ್ಲ.

"ಬೇಗ," ಅಂದ ಸಾಹುಕಾರ. "ಬಿಚ್ಚು."

ಅವಳು ಕತ್ತರಿಯನ್ನು ಚೀಲಕ್ಕೆ ಹಾಕಿದಳು. ಸೂಜಿಯನ್ನು ಸೆರಗಿಗೆ ಚುಚ್ಚಿಕೊಂಡಳು. ಮೆತ್ತನೆ ಬಟ್ಟೆಯನ್ನು ಕಾಲಿನಿಂದ ಸರಿಸಿ ಕಾರಿನೊಳಗೆ ಹತ್ತಿ, ಕೆಂಪು ಶಾಯಿಯ ಪಕ್ಕದಲ್ಲಿ, ಅಪ್ಪ ಕಟ್ಟಿದ ಸ್ಪ್ರಿಂಗುಗಳ ಮೇಲೆ, ತನ್ನ ಪೂರ್ತಿ ಭಾರ ಬಿಟ್ಟು ಕೂತಳು. ಇಪ್ಪತ್ತಾರು ವರ್ಷದ ಸೀಟು ಕುಂಯ್ ಎನ್ನದೆ ಅವಳನ್ನು ಹೊತ್ತುಕೊಂಡಿತು. ನಾರಿನ ಮೆತ್ತೆಯ ನಡುವೆ, ತೊಡೆಯಡಿಯಲ್ಲಿ, ಬೆಂಕಿಪೊಟ್ಟಣದಷ್ಟು ದೊಡ್ಡದೊಂದು ಗಟ್ಟಿ ವಸ್ತು ಒತ್ತಿತು. ಅದರೊಳಗೆ ಏನೋ ಕಿಣಿಕ್ಕೆಂದಿತು.

ಆ ಸದ್ದು ಮೂವರಿಗೂ ಕೇಳಿಸಿತು. ಸಾಹುಕಾರನ ಮುಖ ಸುಣ್ಣವಾಯಿತು.

ಬಾಗಿಲ ಹೊರಗೆ ಬೂಟುಗಳ ಸದ್ದು, ಇನ್ಸ್‌ಪೆಕ್ಟರರ ನಗು. ಬಾಗಿಲು ಸರಿಯತೊಡಗಿತು. ಬೆಳಕು ಮೊದಲು ಅವಳ ಬರಿಗಾಲ ಮೇಲೆ ಬಿತ್ತು. ಸಾಹುಕಾರ ಬಂದವರ ಕಡೆಗೆ ಹಲ್ಲು ಕಿರಿಯುತ್ತಲೇ, ತುಟಿ ಅಲುಗಿಸದೆ, ಅವಳಿಗೆ ಮಾತ್ರ ಕೇಳುವ ಹಾಗೆ ಹೇಳಿದ.

"ಎದ್ದೇಳು. ಮೊದಲು ಮೇಲೇಳು."

ಸರ್ವೇಯರಮ್ಮ ಅವಳ ಬಾಗಿಲಿಗೆ ಅಡ್ಡವಾಗಿ ಬಂದು ನಿಂತರು.

"ಏಳಲ್ಲ," ಅಂದಳು ಕುಶನ್ ಕೆಲಸದವಳು. ಬಂದವರೆಲ್ಲರಿಗೂ ಕೇಳುವ ಹಾಗೆ.